ಹನ್ನೊಂದು ಸಾವಿರ ಕಿಲೋಮೀಟರ್, ಯಾವ ದಿಕ್ಕಿಗೆ?

ಆಸ್ಪತ್ರೆಯ ಲಿಫ್ಟಿನ ಎದುರು ಹಟ ಹಿಡಿದು ನಿಂತಿದ್ದ ಗಡಿಯಾರವನ್ನು ಸರಿಮಾಡಲು ರಿಪೇರಿಯವನು ಸ್ಟೂಲು ಹತ್ತಿದ್ದ. ಕೆಳಗಿನ ಮಾತು ಅವನ ಕಿವಿಗೆ ಬಿತ್ತು. ಖಾಲಿ ಐಸ್‌ಬಾಕ್ಸ್ ಹಿಡಿದು ಲಿಫ್ಟಿಗೆ ಕಾಯುತ್ತಿದ್ದವನ ಬಳಿಗೆ ಒಬ್ಬ ತಾಯಿ ಓಡಿಬಂದಿದ್ದಳು.

"ನನ್ನ ಮಗಳಿಗೆ ಮೂಳೆಮಜ್ಜೆ ತಂದೋರು ನೀವೇನಾ ಅಣ್ಣ?"

"ಹೌದಕ್ಕ. ಒಳಗೆ ತಲುಪಿಸಿ ಹೊರಟೆ."

"ಕೊಟ್ಟ ಪುಣ್ಯಾತ್ಮರು ಯಾವ ಊರೋರು?"

"ಅವರು ಯಾರು ಅಂತ ನಮಗೂ ತಿಳಿಸಲ್ಲ. ನಾನು ವಿಮಾನ ಹತ್ತಿದ ಊರನ್ನೂ ಹೇಳೋ ಹಾಗಿಲ್ಲ."

"ಎಷ್ಟು ದೂರ ಅಂತಾದ್ರೂ ಹೇಳಿ."

"ಹನ್ನೊಂದು ಸಾವಿರ ಕಿಲೋಮೀಟರ್. ವಿಮಾನದಲ್ಲೇ ಹದಿಮೂರು ಗಂಟೆ."

"ಅಷ್ಟು ಹೊತ್ತೂ ಈ ಬಾಕ್ಸ್ ಎಲ್ಲಿತ್ತು?"

"ನನ್ನ ಕಾಲಿಗೆ ತಗಲೋ ಹಾಗೇ ಇತ್ತು. ರೆಪ್ಪೆ ಮುಚ್ಚಿಲ್ಲ."

ಅವಳು ಬಾಕ್ಸಿನ ಮುಚ್ಚಳವನ್ನು ಒಮ್ಮೆ ಮುಟ್ಟಿದಳು.

"ಯಾವ ದಿಕ್ಕು ಅಂತಾದ್ರೂ?"

"ಹೇಳಿದ್ರೆ ನನ್ನ ಕೆಲಸ ಹೋಗುತ್ತಕ್ಕ."

"ಬೇಡ ಬಿಡಿ. ನಾಲ್ಕೂ ದಿಕ್ಕಿಗೆ ಕೈ ಮುಗೀತೀನಿ. ಒಂದಾದ್ರೂ ಅವರಿಗೆ ಮುಟ್ಟುತ್ತೆ."

ಲಿಫ್ಟು ಬಂತು, ಅವನು ಹೋದ. ಅವಳು ಒಂದೊಂದೇ ದಿಕ್ಕಿಗೆ ತಿರುಗಿ ಕೈ ಮುಗಿದು ವಾರ್ಡಿನ ಕಡೆ ನಡೆದಳು. ಮೂರನೆಯದು ನೇರವಾಗಿ ಸ್ಟೂಲಿನ ಮೇಲಿದ್ದವನಿಗೇ ಬಂದಿತ್ತು. ಅವನು ಸ್ಕ್ರೂಡ್ರೈವರನ್ನು ಬಾಯಲ್ಲಿ ಕಚ್ಚಿಕೊಂಡು, ಹಿಂದಿನ ಗೋಡೆಯ ಕಡೆ ತಿರುಗಿ, ಕೈ ಮುಗಿದು, ಆ ನಮಸ್ಕಾರವನ್ನು ಮುಂದಕ್ಕೆ ದಾಟಿಸಿದ.