ಒಂಬತ್ತನೆಯವಳು

ಕೂಸು ಮಲಗಿತೇನು? ಆ ಬಾಗಿಲು ಸ್ವಲ್ಪ ಮುಂದೆ ಮಾಡಿ. ಹೇಳುತ್ತೇನೆ, ನಡುವೆ ಯಾರೂ ನಗಬಾರದು. ಇದು ನಮ್ಮ ದೊಡ್ಡವ್ವನ ಮಗ ದೇವಪ್ಪನಿಗೆ ಆದದ್ದು. ಮುಂಡರಗಿ ಆಚೆ ಹೊಳೆಗೆ ಬ್ಯಾರೇಜು ಕಟ್ಟಿ ನೀರು ನಿಲ್ಲಿಸಿದ್ದಾರಲ್ಲ, ಅಲ್ಲಿ ಅವನು ಅಂದಾನಪ್ಪ ಸಾವ್ಕಾರರ ಮೋಟಾರು ಬೋಟು ನಡೆಸುತ್ತಾನೆ. ರವಿವಾರ ಬಂತೆಂದರೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಯಿಂದ ಮಂದಿ ಬಂದು ಒಂದು ಸುತ್ತು ಹಾಕಿ, ಫೋಟೋ ಹೊಡೆಸಿಕೊಂಡು ಹೋಗುತ್ತಾರೆ.

ಹೋದ ವರ್ಷದ ಮಾತು. ದೇವಪ್ಪ ಕೊನೆಯ ಬಸ್ಸಿಗೆ ಬಂದು ಕ್ರಾಸಿನಲ್ಲಿ ಇಳಿದ. ಊರಿಗೆ ಎರಡು ಕಿಲೋಮೀಟರು ನಡಿಗೆ. ದಾರಿಯಲ್ಲಿ ಒಂದು ಹಾಳು ಬಾವಿ, ಬಾವಿಯ ಮಗ್ಗಲಿಗೆ ಆಲದ ಮರ. ಗಾಳಿ ಇರಲಿಲ್ಲ. ಬಾವಿ ದಾಟಿದ್ದಾನೆ, ಹಿಂದಿನಿಂದ ಸಪ್ಪಳ... ಟಣ್... ಟಣ್...

ಕಾಲು ಅಲ್ಲೇ ನಿಂತವು. ಅದು ಅವನಿಗೆ ಗೊತ್ತಿದ್ದ ಸಪ್ಪಳ. ಶೇಂಗಾ ಅಳೆಯುವ ತಗಡಿನ ಡಬ್ಬಿಯನ್ನು ಕಬ್ಬಿಣದ ಬುಟ್ಟಿಯ ಕಂಠಕ್ಕೆ ಬಡಿಯುವುದು. ಹಾಗೆ ಬಡಿದು ಗಿರಾಕಿ ಕರೆಯುತ್ತಿದ್ದವಳು ಇಡೀ ದಂಡೆಗೆ ಒಬ್ಬಳೇ, ರೋಜಾ.

ರೋಜಾ ಸತ್ತು ತಿಂಗಳಾಗಿತ್ತು. ಅದು ಗೊತ್ತಿದ್ದವರು ಊರಿಗೆ ಇಬ್ಬರೇ, ದೇವಪ್ಪ ಮತ್ತು ಅವನ ಸಾವ್ಕಾರ.

ಏನಾಗಿತ್ತೆಂದರೆ, ಆ ಬೋಟಿಗೆ ನಡೆಸುವವನನ್ನು ಬಿಟ್ಟು ಎಂಟು ಮಂದಿಯ ಪರವಾನಗಿ. ವಿಮೆಯೂ ಎಂಟಕ್ಕೇ, ತೇಲುವ ಜಾಕೀಟೂ ಎಂಟೇ. ಒಂದು ರವಿವಾರ ಸಂಜೆ ಗದಗಿನ ಮಂದಿ ಎಂಟು ಜನ ಹತ್ತಿ ಕೂತರು. ರೋಜಾ ದಂಡೆಯಿಂದ ಕೂಗಿದಳು, "ದೇವಣ್ಣಾ, ನನ್ನೂ ಕರಕೊಂಡ ಹೋಗೋ, ಬೋಟಿನಾಗ ಬುಟ್ಟಿ ಖಾಲಿ ಆಕ್ಕೈತಿ." ಪಾಪ, ಗಂಡ ಸತ್ತವಳು, ಏಳು ವರ್ಷದ ಮಗಳಿದ್ದಾಳೆ ಅಂತ ಇವನು ಹ್ಞೂಂ ಅಂದ, ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡ. ನಡುನೀರಿನಲ್ಲಿ ಗಾಳಿ ಎದ್ದಿತು. ಮುಳುಗಿ ನಿಂತಿದ್ದ ಜಾಲಿ ಮರಕ್ಕೆ ತಗುಲಿ ಬೋಟು ಮಗುಚಿತು. ಜಾಕೀಟು ಇದ್ದ ಎಂಟೂ ಮಂದಿ ತೇಲಿದರು. ದೇವಪ್ಪ ಈಜಿದ. ರೋಜಾ ಮೇಲೆ ಬರಲಿಲ್ಲ.

ಶೇಂಗಾದವಳು ಎಲ್ಲಿ ಅಂತ ಗದಗಿನವರು ಕೇಳದೆ ಬಿಡಲಿಲ್ಲ. "ಆಕಿ ಈಜಿ ಆಚಿ ದಂಡಿಗೆ ಹತ್ತ್ಯಾಳ್ರೀ, ಮನಿಗೆ ಹ್ವಾದ್ಲು," ಅಂದರು ದಂಡೆಗೆ ಓಡಿಬಂದ ಅಂದಾನಪ್ಪ ಸಾವ್ಕಾರರು. ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದ ಮಂದಿಗೆ ಅಷ್ಟು ಸಾಕಾಯಿತು. ಆ ರಾತ್ರಿ ಮೇಲಿನಿಂದ ನೀರು ಬಂತು, ಬ್ಯಾರೇಜಿನ ಬಾಗಿಲು ಎತ್ತಿದರು. ಹೆಣ ಎಲ್ಲಿಗೆ ಹೋಯಿತೋ! ಹತ್ತು ದಿನಕ್ಕೆ ವಿಮೆಯವರ ಸರ್ವೇಯರ್ ಬಂದ. ಎಷ್ಟು ಮಂದಿ ಇದ್ದರು ಅಂತ ಕೇಳಿದ. ದೇವಪ್ಪ ಎಂಟು ಅಂದ, ಸಹಿ ಮಾಡಿದ. ಒಂಬತ್ತು ಅಂದರೆ ವಿಮೆ ಬರುವುದಿಲ್ಲವಲ್ಲ.

ಬೋಟಿನಲ್ಲಿ ಇರಲಿಲ್ಲ ಅಂದಮೇಲೆ ಹೆಣ್ಣುಮಗಳು ಎಲ್ಲಿಗೆ ಹೋದಳು? ಅದನ್ನು ಊರೇ ಹೇಳಿತು. ಅದೇ ವಾರ ಗೋವಿನಜೋಳದ ಲಾರಿಯ ಡ್ರೈವರನೊಬ್ಬ ಊರು ಬಿಟ್ಟಿದ್ದ. ಸಾಕಲ್ಲ, ಇಬ್ಬರನ್ನೂ ಕೂಡಿಸಿಬಿಟ್ಟರು. ಎಲುಬಿಲ್ಲದ ನಾಲಗೆ ಹೇಗೆ ಬೇಕಾದರೂ ಹೊರಳುತ್ತದೆ. ರೋಜಾನ ಅತ್ತೆ ಹನಮಂತವ್ವ ಸೊಸೆಯ ಸೀರೆಗಳನ್ನು ತಿಪ್ಪೆಗೆ ಎಸೆದಳು.

ಈಗ ಆಲದ ಮರದ ಕೆಳಗೆ ಬರೋಣ.

"ದೇವಣ್ಣಾ..."

ರಾತ್ರಿ ಯಾರಾದರೂ ಕರೆದರೆ ಮೂರು ಸಲ ಕರೆಯುವ ತನಕ ಓ ಅನ್ನಬಾರದಂತೆ, ದೆವ್ವ ಮೂರನೆಯ ಸಲ ಕರೆಯುವುದಿಲ್ಲವಂತೆ. ಅವನು ತುಟಿ ಬಿಗಿಹಿಡಿದ. ಎರಡನೆಯ ಸಲ ಕರೆಯಿತು. ಮೂರನೆಯದು ಕಿವಿಯ ಹತ್ತಿರವೇ. ಮಣ್ಣಿನ ಮೇಲೆ ನೀರು ಬೀಳುತ್ತಿತ್ತು... ತೊಟ್... ತೊಟ್...

"ಯಾ... ಯಾರು?"

"ಎಂಟ ಮಂದಿ ಅಂತ ಬರದ ಕೊಟ್ಟೆಲ್ಲೋ ಯಣ್ಣಾ... ಹಂಗಾರ ನಾ ಎಲ್ಲಿದ್ದೆ?"

ಇವನು ಹಿಂದೆ ತಿರುಗದೆ ಎರಡು ಹೆಜ್ಜೆ ಮುಂದಿಟ್ಟ.

"ಹೇಳು. ಬೋಟಿನಾಗ ಇರಲಿಲ್ಲ ಅಂದ್ರ ನಾ ಎಲ್ಲಿದ್ದೆ? ನೀ ಹೇಳಿದಲ್ಲಿಗರೆ ಹೊಕ್ಕೀನಿ."

ಸಿಟ್ಟಿನ ದನಿಯಲ್ಲ. ದಾರಿ ತಪ್ಪಿದವರು ಕೇಳುತ್ತಾರಲ್ಲ, ಹಾಗೆ. ದೇವಪ್ಪ ಓಡಿದ. ಮನೆಯ ಹೊಸ್ತಿಲು ದಾಟುವ ತನಕ ಆ ಟಣ್ ಟಣ್ ಬೆನ್ನು ಬಿಡಲಿಲ್ಲ.

ಮೂರು ದಿನ ಜ್ವರ. ನಾಲ್ಕನೆಯ ದಿನ ಎದ್ದು ಸಾವ್ಕಾರರ ಅಂಗಡಿಗೆ ಹೋದ. "ಖರೆ ಹೇಳಿಬಿಡೂಣ್ರಿ ಸಾವ್ಕಾರ್ರ. ಆ ಹೆಣಮಗಳ ಹೆಸರು ಕೆಟ್ಟ ಹೋಗೇತ್ರಿ."

ಸಾವ್ಕಾರರು ಅತ್ತಿತ್ತ ನೋಡಿ ದನಿ ಇಳಿಸಿದರು. "ಸಹಿ ಯಾರದೋ? ನಂದೇನು? ಜೇಲಿಗೆ ಹೋಗಾಂವ ನೀ. ಸತ್ತಾಕಿ ಸತ್ಲು, ಇದ್ದವರು ಉಣಬೇಕಲ್ಲ? ಸುಮ್ಮ ಹೋಗು."

ಅಲ್ಲಿಂದ ಸೀದಾ ಹನಮಂತವ್ವನ ಮನೆಗೆ ಹೋದ. ಅವಳಿಗಾದರೂ ಹೇಳಿಬಿಡುತ್ತೇನೆ ಅಂತಲೇ ಹೋದವನು. ಕಟ್ಟೆಯ ಮೇಲೆ ಕೂತು ರೋಜಾನ ಹೆಸರು ಎತ್ತಿದ್ದೇ ತಡ, ಮುದುಕಿ ಉರಿದು ಬಿದ್ದಳು. "ಆ ಓಡಿಹ್ವಾದಾಕಿ ಹೆಸರ ನನ್ನ ಮುಂದ ತಗೀಬ್ಯಾಡ! ಈ ಕೂಸಿಗೆ ಸಾಲ್ಯಾಗ ಏನೇನ ಅಂತಾರ ಗೊತ್ತೈತೇನು ನಿನಗ?"

ಬಾಗಿಲ ಸಂದಿಯಲ್ಲಿ ಮಗಳು ಅಂಕಿತಾ ನಿಂತಿದ್ದಳು. ಮೆಲ್ಲಗೆ ಹೊರಗೆ ಬಂದು, ಅಜ್ಜಿಗೆ ಕೇಳದಂತೆ ಅಂದಳು, "ಕಾಕಾ... ನಮ್ಮವ್ವ ಅವತ್ತು ನಿನ್ನ ಬೋಟ ಹತ್ತಿದ್ಲು. ನಾ ದಂಡಿ ಮ್ಯಾಲಿಂದ ನೋಡೀನಿ. ಹೌದಲ್ಲ?"

ಅಷ್ಟೇ ಕೇಳಿದ್ದು ಕೂಸು. ಹೌದು ಅಂದಿದ್ದರೆ ಸಾಕಿತ್ತು. ಅದಕ್ಕೊಂದು ತಾಯಿ ಉಳಿಯುತ್ತಿದ್ದಳು, ಸತ್ತ ತಾಯಿಯಾದರೂ.

"ಇಲ್ಲವ್ವಾ," ಅಂದ ದೇವಪ್ಪ. "ನೀ ಬ್ಯಾರೆ ಯಾರನ್ನೋ ನೋಡಿರಬೇಕು."

ಇದನ್ನು ಹೇಳುವಾಗ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ನನ್ನ ರಕ್ತವೇ ಆದರೂ ಬರುತ್ತದೆ. ಆ ರಾತ್ರಿ ಬೇಕೆಂದೇ ಬಾವಿಯ ತನಕ ಹೋಗಿ ನಿಂತನಂತೆ, ಕೈಮುಗಿದು. ಯಾವ ಸಪ್ಪಳವೂ ಆಗಲಿಲ್ಲ. ಆಮೇಲೆಯೂ ಆ ದಾರಿಯಲ್ಲಿ ಯಾರೂ ಅವನನ್ನು ಕರೆಯಲಿಲ್ಲ.

ವಿಮೆ ಬಂತು. ಸಾವ್ಕಾರರು ಹೊಸ ಬೋಟು ತಂದರು, ಕಾಯಿ ಒಡೆದರು, ಪೇಢೆ ಹಂಚಿದರು. ಹೊಸ ವಿಮೆ ಮಾಡುವ ಮೊದಲು ಅದೇ ಸರ್ವೇಯರ್ ತಪಾಸಣೆಗೆ ಬಂದ. ಬೋಟಿನ ಹೊರಮೈಗೆ ಒಂದು ಬಿಳಿ ಗೆರೆ ಇತ್ತು. ನಡೆಸುವವನನ್ನು ಬಿಟ್ಟು ಎಂಟು ಮಂದಿ ಕೂತಾಗ ನೀರು ಆ ಗೆರೆಗೆ ಮುಟ್ಟಬೇಕು, ಮೇಲೆ ಹೋಗಬಾರದು. ದೇವಪ್ಪ ಹತ್ತಿದ. ಎಂಟು ಮಂದಿ ಕೂತರು. ನೀರು ಗೆರೆಯನ್ನು ಮುಳುಗಿಸಿತು.

"ಭಾರದವರು ಅದಾರ್ರೀ," ಅಂದರು ಸಾವ್ಕಾರರು. ತೆಳ್ಳಗಿನವರನ್ನು ಕೂಡಿಸಿದರು. ಆಗಲೂ ಮುಳುಗಿತು. ಎಲ್ಲರನ್ನೂ ಇಳಿಸಿ, ತಳದಲ್ಲಿ ನೀರು ಸೋರಿದೆಯೇ ನೋಡಿದರು. ಒಣ ಒಣ ಇತ್ತು. ಕೊನೆಗೆ ಸರ್ವೇಯರ್ ಒಬ್ಬನನ್ನು ಕಡಿಮೆ ಮಾಡಿಸಿದ. ಏಳು ಮಂದಿ ಕೂತರು. ನೀರು ಗೆರೆಗೆ ಬಂದು ಸರಿಯಾಗಿ ನಿಂತಿತು.

ಸರ್ವೇಯರ್ ತಲೆ ಕೆರೆದುಕೊಂಡ, ಎಂಟನ್ನು ಹೊಡೆದು ಹಾಕಿ ಏಳು ಅಂತ ಬರೆದ. ದೇವಪ್ಪ ಮಾತ್ರ ಹಿಂದಿನ ಸೀಟಿನ ಕಡೆ ತಿರುಗಿ ನೋಡಲಿಲ್ಲ. ಇವತ್ತಿಗೂ ನೋಡುವುದಿಲ್ಲ.

ಸುಳ್ಳು ಅನಿಸಿದರೆ ಬರುವ ರವಿವಾರ ಹೋಗಿ ಬನ್ನಿ. ಬೋಟಿನ ಬಗಲಿಗೆ ಈಗಲೂ ಏಳು ಅಂತಲೇ ಬರೆದಿದೆ. ಏಳು ಮಂದಿ ಕೂತ ಮೇಲೆ ದಂಡೆಯಲ್ಲೇ ನಿಂತು ಆ ಗೆರೆ ನೋಡಿ. ನಾನು ಎರಡು ಸಲ ನೋಡಿ ಬಂದಿದ್ದೇನೆ.