ಒಂದೇ ಕೀಲಿಯ ಬೀಗ

ವೇದಿಕೆಯ ಮೇಲಿರುವ ಮಾನ್ಯ ಪ್ರಾಂಶುಪಾಲರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನಮ್ಮ ಬಿಸ್ಕತ್ತು ಕಾರ್ಖಾನೆಯ ವ್ಯವಸ್ಥಾಪಕರೇ, ನನ್ನ ಮೇಷ್ಟ್ರೇ, ಈ ಸಮುದಾಯ ಕಾಲೇಜಿನ ಮೆಕಾಟ್ರಾನಿಕ್ಸ್ ತರಗತಿಗೆ ಹೊಸದಾಗಿ ಸೇರಿರುವ ಇಪ್ಪತ್ತನಾಲ್ಕು ಮಂದಿ ವಿದ್ಯಾರ್ಥಿಗಳೇ, ಅವರಿಗಿಂತ ಹೆಚ್ಚು ಗಾಬರಿಯಾಗಿ ಕುಳಿತಿರುವ ಅವರ ತಂದೆತಾಯಿಗಳೇ, ಮೂರನೇ ಸಾಲಿನ ಕೊನೆಯ ಕುರ್ಚಿಯಿಂದ ‘ಬೇಗ ಮುಗಿಸು’ ಎಂದು ಈಗಲೇ ಸನ್ನೆ ಮಾಡುತ್ತಿರುವ ನನ್ನ ಅಕ್ಕನೇ, ಮತ್ತು ನೆರೆದಿರುವ ಎಲ್ಲ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಹತ್ತು ನಿಮಿಷ ದಾಟಿದರೆ ಪ್ರಾಂಶುಪಾಲರು ಗಂಟೆ ಒತ್ತುತ್ತಾರಂತೆ. ಒತ್ತಲಿ ಬಿಡಿ. ಆ ಗಂಟೆ ಕೆಟ್ಟರೆ ಕೊನೆಗೆ ರಿಪೇರಿಗೆ ಕರೆಯುವುದು ನನ್ನನ್ನೇ.

‘ತಾಂತ್ರಿಕ ವೃತ್ತಿಗೆ ಸಿದ್ಧತೆ’ ಎಂಬ ವಿಷಯದ ಮೇಲೆ ಮಾತನಾಡಿ ಎಂದಿದ್ದರು. ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೇನೆ. ಆದರೆ ಈ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದಾರಲ್ಲ, ಅದರಲ್ಲಿ ಇಪ್ಪತ್ತನಾಲ್ಕು ಕೆಂಪು ಬೀಗಗಳಿವೆ. ಅದನ್ನು ನೋಡಿದ ಗಳಿಗೆಯಿಂದ ನನಗೆ ಹಾಳೆಯ ಮೇಲೆ ಕಣ್ಣೇ ನಿಲ್ಲುತ್ತಿಲ್ಲ. ನನ್ನ ಮೊದಲ ಬೀಗ ಕೈಗೆ ಬಂದಾಗ ನನಗೆ ಮೂವತ್ತೆಂಟು ವರ್ಷ. ಪಕ್ಕದಲ್ಲಿ ಕುಳಿತ ಹುಡುಗಿ, “ಆಂಟಿ, ನೀವು ಯಾರನ್ನ ಸೇರಿಸೋಕೆ ಬಂದಿದ್ದೀರಾ?” ಎಂದು ಕೇಳಿದಳು. “ನನ್ನನ್ನೇ ಕಣಮ್ಮ” ಎಂದೆ. ಅವಳು ಪಾಪ ಅರ್ಧ ಗಂಟೆ ನನ್ನ ಮುಖ ನೋಡಲಿಲ್ಲ.

ಮೆಕಾಟ್ರಾನಿಕ್ಸ್ ಎಂದರೇನು? ಈ ಪ್ರಶ್ನೆಯನ್ನು ನನ್ನ ಗಂಡ ಕೇಳಿದರು, ಓರಗಿತ್ತಿ ಕೇಳಿದಳು, ಬಸ್ಸಿನ ಕಂಡಕ್ಟರ್ ಕೂಡ ಕೇಳಿದ. ಹೆಸರು ಕೇಳಿದರೆ ಕಬ್ಬಿಣದ ಕಡಲೆ. ಒಳಗೆ ಹೋಗಿ ನೋಡಿದರೆ ಅಷ್ಟೇನಲ್ಲ. ಯಂತ್ರಕ್ಕೆ ಒಂದು ಕಣ್ಣು ಬೇಕು, ಅದು ಸೆನ್ಸರ್. ಕಂಡದ್ದನ್ನು ಯೋಚಿಸಲು ಒಂದು ತಲೆ ಬೇಕು, ಅದು ಗೋಡೆಯ ಪೆಟ್ಟಿಗೆಯಲ್ಲಿರುವ ಕಂಟ್ರೋಲರ್. ಯೋಚಿಸಿದ್ದನ್ನು ಮಾಡಲು ಕೈ ಬೇಕು, ಅದಕ್ಕೆ ಮೋಟಾರು, ಗಾಳಿಯಿಂದ ನಡೆಯುವ ಸಿಲಿಂಡರು. ಕಣ್ಣು, ತಲೆ, ಕೈ ಮೂರಕ್ಕೂ ಜಗಳವಾಗದ ಹಾಗೆ ನೋಡಿಕೊಳ್ಳುವುದೇ ನಮ್ಮ ಕೆಲಸ. ಒಂದು ಸಂಸಾರ ನಡೆಸಿದವರಿಗೆ ಇದೇನು ಮಹಾ?

ಎರಡನೇ ತಿಂಗಳಲ್ಲಿ ಒಂದು ದಿನ ನಾನೇ ತಂತಿ ಜೋಡಿಸಿದ ಸೆನ್ಸರಿನ ಮುಂದೆ ಖಾಲಿ ಡಬ್ಬಿಯೊಂದನ್ನು ಹಿಡಿದೆ. ಕೆಂಪು ದೀಪ ಹತ್ತಿತು. ‘ಠಕ್’ ಎಂದು ಸಿಲಿಂಡರ್ ಬಂದು ಡಬ್ಬಿಯನ್ನು ಪಕ್ಕಕ್ಕೆ ತಳ್ಳಿತು. ಸಭಿಕರೇ, ನಾನು ಕಿರುಚಿದ ರಭಸಕ್ಕೆ ಪಕ್ಕದ ಕೋಣೆಯ ಹೊಲಿಗೆ ತರಗತಿಯವರು ಕತ್ತರಿ ಹಿಡಿದುಕೊಂಡೇ ಓಡಿಬಂದರು! ಹದಿನಾಲ್ಕು ವರ್ಷ ಯಂತ್ರದ ಪಕ್ಕದಲ್ಲಿ ನಿಂತು ಪೊಟ್ಟಣ ಎಣಿಸಿ ರಟ್ಟಿನ ಪೆಟ್ಟಿಗೆಗೆ ತುಂಬಿದವಳು ನಾನು. ಯಂತ್ರ ಹೇಳಿದ ಹಾಗೆ ನಾನು ಕೇಳುತ್ತಿದ್ದೆ. ಅವತ್ತು ಮೊದಲ ಸಲ ನಾನು ಹೇಳಿದ ಹಾಗೆ ಅದು ಕೇಳಿತು. ಅದನ್ನು ನೆನೆದರೆ ಈಗಲೂ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ನೋಡಿ, ಮೈಕು ಅಲ್ಲಾಡುತ್ತಿದೆ.

ಈಗ ಬೀಗದ ವಿಷಯ. ಹೊಸ ಮಕ್ಕಳೇ, ಕಿವಿಗೊಟ್ಟು ಕೇಳಿ. ಈ ವಿಭಾಗದಲ್ಲಿ ಒಂದು ಪದ್ಧತಿ ಇದೆ. ಯಂತ್ರದೊಳಗೆ ಕೈ ಹಾಕುವ ಮೊದಲು ಅದರ ಮುಖ್ಯ ಸ್ವಿಚ್ಚನ್ನು ಆರಿಸಿ, ಅದಕ್ಕೆ ನಿಮ್ಮ ಬೀಗ ಜಡಿಯಬೇಕು. ಬೀಗಕ್ಕೆ ಒಂದೇ ಕೀಲಿ. ಆ ಕೀಲಿ ನಿಮ್ಮ ಜೇಬಿನಲ್ಲೇ ಇರಬೇಕು. ಕೆಲಸ ಮುಗಿದು, ಕೈ ಹೊರಗೆ ಬಂದ ಮೇಲೆ ನೀವೇ ಬಂದು ತೆಗೆಯಬೇಕು. ಗೆಳೆಯನಾಗಲಿ, ಮೇಷ್ಟ್ರಾಗಲಿ, ಪ್ರಾಂಶುಪಾಲರಾಗಲಿ ಅದನ್ನು ಮುಟ್ಟುವ ಹಾಗಿಲ್ಲ.

ನನಗೆ ಈ ಕಾಲೇಜಿನಲ್ಲಿ ‘ಬೀಗದಕ್ಕ’ ಎಂಬ ಅಡ್ಡಹೆಸರು ಬಂದ ಕಥೆಯನ್ನು ನಿಮ್ಮ ಹಿರಿಯ ವಿದ್ಯಾರ್ಥಿಗಳು ಈಗಾಗಲೇ ಉಪ್ಪು ಖಾರ ಹಚ್ಚಿ ಹೇಳಿರುತ್ತಾರೆ. ಅಸಲಿ ಕಥೆ ಕೇಳಿ. ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯ ಹಿಂದಿನ ಸಂಜೆ, ಪ್ರಯೋಗಶಾಲೆಯ ಯಂತ್ರದ ಸೆನ್ಸರುಗಳನ್ನು ಒರೆಸುವ ಪಾಳಿ ನನ್ನದು. ಬೀಗ ಹಾಕಿದೆ, ಒರೆಸಿದೆ, ಬಸ್ಸು ತಪ್ಪುತ್ತದೆ ಎಂದು ಓಡಿದೆ. ಬೀಗ ಅಲ್ಲೇ, ಕೀಲಿ ನನ್ನ ಊಟದ ಚೀಲದಲ್ಲಿ! ಮರುದಿನ ನನ್ನ ಸರದಿ ಮಧ್ಯಾಹ್ನ ಎಂದು ಬೆಳಿಗ್ಗೆ ಕಾರ್ಖಾನೆಗೆ ಹೋಗಿ ಅರ್ಧ ಪಾಳಿ ಮಾಡುತ್ತಿದ್ದೆ. ಇಲ್ಲಿ ಹತ್ತು ಗಂಟೆಗೆ ಪರೀಕ್ಷೆ ಶುರುವಾಗಬೇಕು. ಯಂತ್ರ ಒಂದೇ. ಅದರ ಮೇಲೆ ನನ್ನ ಹೆಸರಿನ ಚೀಟಿ ಇರುವ ಕೆಂಪು ಬೀಗ.

ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಕೆಂಡಾಮಂಡಲವಾದರಂತೆ. “ಎರಡು ರೂಪಾಯಿ ಬೀಗಕ್ಕೆ ಇಷ್ಟೊಂದು ನಾಟಕನಾ? ಕತ್ತರಿಸಿ ಬಿಸಾಕ್ರೀ!” ಎಂದರಂತೆ. ನಮ್ಮ ಮೇಷ್ಟ್ರು ಗಟ್ಟಿಯಾಗಿ ಮಾತನಾಡುವವರಲ್ಲ. “ಸ್ವಾಮಿ, ಆ ಬೀಗದ ಆಚೆ ಒಬ್ಬರ ಕೈ ಇದೆ ಅಂತ ಅಂದ್ಕೊಳ್ಳಿ. ಕೈ ಇಲ್ಲ ಅಂತ ಗೊತ್ತಾಗೋವರೆಗೂ ಇದೆ ಅಂತಾನೇ ಲೆಕ್ಕ” ಎಂದರಂತೆ. ನನ್ನ ಮೊಬೈಲಿಗೆ ಕರೆ ಮಾಡಿದರು. ಅದು ಕಾರ್ಖಾನೆಯ ಕಪಾಟಿನಲ್ಲಿತ್ತು. ಕೊನೆಗೆ ಕಾರ್ಖಾನೆಯ ಗೇಟಿಗೆ ಕರೆ ಮಾಡಿದರು. ಗೇಟಿನಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವವಳು ನನ್ನ ಅಕ್ಕ. ಅವಳೇ ಫೋನ್ ಎತ್ತಿದಳು. “ಇವಳು ಇಲ್ಲಿದ್ದಾಳೆ, ನೀವು ಒಡೀರಿ” ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ಏನೆಂದಳು ಗೊತ್ತೇ? “ಕೀಲಿ ಅವಳ ಹತ್ರಾನೇ ಇದೆ ಅಲ್ವಾ ಮೇಷ್ಟ್ರೇ? ಹಾಗಾದ್ರೆ ಅವಳೇ ಬಂದು ತೆಗೀಲಿ. ಒಂದು ಗಂಟೆಗೆ ಪಾಳಿ ಬಿಡುತ್ತೆ. ಕಾಯಿರಿ.”

ಕಾದರು! ಇಪ್ಪತ್ತೆರಡು ವಿದ್ಯಾರ್ಥಿಗಳು, ಒಬ್ಬರು ಮೇಷ್ಟ್ರು, ಸಿಟ್ಟು ಇಳಿದು ನಿದ್ದೆ ಹತ್ತಿದ ಒಬ್ಬರು ಪರೀಕ್ಷಕರು ಮೂರೂವರೆ ಗಂಟೆ ಬೆಂಚಿನ ಮೇಲೆ ಕುಳಿತು ಕಾದರು. ನಾನು ಒಂದೂವರೆಗೆ ಬಾಗಿಲಿಗೆ ಬಂದೆ. ಎಲ್ಲರೂ ನನ್ನನ್ನೇ ನೋಡಿದರು. ಒಬ್ಬರೂ ಬೈಯಲಿಲ್ಲ. ಮೇಷ್ಟ್ರು, “ಬನ್ನಮ್ಮಾ, ನಿಮ್ಮ ಬೀಗ ತೆಗೀರಿ” ಎಂದರು, ಅಷ್ಟೇ. ನಾನು ಬೀಗ ತೆಗೆದು ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಅಂಥಿಂಥ ಅಳುವಲ್ಲ. ಇಡೀ ಕಟ್ಟಡಕ್ಕೆ ಕೇಳುವಂಥದ್ದು. ಪರೀಕ್ಷಕರೇ ಎದ್ದು ನೀರು ತಂದುಕೊಟ್ಟರು.

ಆಮೇಲೆ ದರ್ಜಿ ಕೆಲಸ ಮಾಡುವ ನನ್ನ ಗಂಡ ನನ್ನ ಕೆಲಸದ ಕೋಟಿಗೆ ಜಿಪ್ಪಿರುವ ಕೀಲಿಯ ಜೇಬು ಹೊಲಿದುಕೊಟ್ಟರು. ನಾನು ಪಾಸಾದೆ. ಇದೇ ವ್ಯವಸ್ಥಾಪಕರು ನನ್ನನ್ನು ಪ್ಯಾಕಿಂಗ್ ಸಾಲಿನಿಂದ ಎತ್ತಿ ಯಂತ್ರ ನಿರ್ವಹಣೆಯ ತಂತ್ರಜ್ಞೆಯಾಗಿ ತೆಗೆದುಕೊಂಡರು. ಇಲ್ಲಿ ಎಲ್ಲರೂ ನಗುವಾಗ ನನ್ನ ಮಾತು ಮುಗಿಯಬೇಕಿತ್ತು. ಹಾಳೆಯಲ್ಲಿ ಹಾಗೇ ಬರೆದಿದ್ದೇನೆ.

ಆದರೆ ಅವತ್ತು ಮೇಷ್ಟ್ರು, “ಯಾಕಮ್ಮಾ ಅಷ್ಟೊಂದು ಅತ್ರಿ?” ಎಂದು ಕೇಳಿದಾಗ ನಾನು “ನಾಚಿಕೆ ಆಯ್ತು ಸಾರ್” ಎಂದಿದ್ದೆ. ಅದು ಸುಳ್ಳು. ಈ ಪೆಟ್ಟಿಗೆಯಲ್ಲಿರುವ ಬೀಗಗಳನ್ನು ಈ ಮಕ್ಕಳ ಕೈಗೆ ನಾನು ಕೊಡಬೇಕಂತೆ. ಆ ಸುಳ್ಳನ್ನು ಇಟ್ಟುಕೊಂಡು ಹೇಗೆ ಕೊಡಲಿ?

ಪ್ರಾಂಶುಪಾಲರೇ, ದಯವಿಟ್ಟು ಆ ಗಂಟೆಯನ್ನು ಈಗ ಒತ್ತಬೇಡಿ.

ಹನ್ನೊಂದು ವರ್ಷದ ಹಿಂದೆ ಅಕ್ಕ ಮತ್ತು ನಾನು ಒಂದೇ ಪ್ಯಾಕಿಂಗ್ ಯಂತ್ರದಲ್ಲಿದ್ದೆವು. ಬಿಸ್ಕತ್ತು ಒಳಗೆ ಹೋಗುವ ತುದಿಯಲ್ಲಿ ಅವಳು, ಪೊಟ್ಟಣ ಹೊರಗೆ ಬೀಳುವ ತುದಿಯಲ್ಲಿ ನಾನು. ಮಧ್ಯದಲ್ಲಿ ಕಾಗದವನ್ನು ಕಾಯಿಸಿ ಅಂಟಿಸಿ ಕತ್ತರಿಸುವ ದವಡೆ. ಆ ದವಡೆಗೆ ಗಾಜಿನ ಬಾಗಿಲಿತ್ತು. ಬಾಗಿಲು ತೆರೆದರೆ ಯಂತ್ರ ನಿಲ್ಲಬೇಕು, ಮುಚ್ಚುವವರೆಗೂ ಶುರುವಾಗಬಾರದು. ಆದರೆ ನಮ್ಮ ಯಂತ್ರ ಗಂಟೆಗೆ ಹತ್ತು ಸಲ ಸಿಕ್ಕಿಕೊಳ್ಳುತ್ತಿತ್ತು. ಸಾಲು ನಿಲ್ಲಬಾರದೆಂದು ನಾವೇ ಬಾಗಿಲಿನ ಸ್ವಿಚ್ಚಿಗೆ ಟೇಪು ಸುತ್ತಿ, ‘ಬಾಗಿಲು ಮುಚ್ಚಿದೆ’ ಎಂದು ಯಂತ್ರಕ್ಕೆ ಸುಳ್ಳು ಹೇಳಿದ್ದೆವು. ಯಾರು ಸುತ್ತಿದ್ದು ಎಂದರೆ ಎಲ್ಲರೂ. ಟೇಪು ಸಡಿಲವಾದಾಗ ಕೈಗೆ ಸಿಕ್ಕವರು ಮತ್ತೊಂದು ಸುತ್ತು ಹಾಕುತ್ತಿದ್ದೆವು. ನಾನೂ ಹಾಕಿದ್ದೇನೆ.

ಅವತ್ತು ಪೊಟ್ಟಣವೊಂದು ಒಳಗೆ ಹರಿದು ಸಿಕ್ಕಿಕೊಂಡಿತು. ಅಕ್ಕ ಯಂತ್ರ ನಿಲ್ಲಿಸಿ, ಬಾಗಿಲು ತೆರೆದು, ಕೈ ಹಾಕಿದಳು. ನಾನಿದ್ದ ತುದಿಯಿಂದ ಅವಳು ಕಾಣುತ್ತಿರಲಿಲ್ಲ. ಮೇಲ್ವಿಚಾರಕರು ಹಿಂದಿನಿಂದ “ಲಾರಿ ಕಾಯ್ತಾ ಇದೆ! ಲಾರಿ ಕಾಯ್ತಾ ಇದೆ!” ಎಂದು ಕೂಗುತ್ತಿದ್ದರು. ನನ್ನ ತುದಿಯಲ್ಲೂ ಯಂತ್ರ ಶುರುಮಾಡುವ ಒಂದು ಹಸಿರು ಗುಂಡಿ ಇತ್ತು. ಎರಡು ಹೆಜ್ಜೆ ನಡೆದು ಇಣುಕಿ ನೋಡಬಹುದಿತ್ತು. “ಅಕ್ಕಾ” ಎಂದು ಒಂದು ಮಾತು ಕೂಗಬಹುದಿತ್ತು.

ಒತ್ತಿದೆ.

ಅಕ್ಕನ ಬಲಗೈಯ ಎರಡು ಬೆರಳು ಹೋದವು. ಜನ ಓಡಿಬಂದಾಗ ನನ್ನ ಬಾಯಿಂದ ಬಂದ ಮಾತು, “ಅದು ತಾನಾಗೇ ಶುರುವಾಯ್ತು.” ತನಿಖೆಯವರು ಬಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ‘ಯಂತ್ರದ ದೋಷ ಇರಬಹುದು’ ಎಂದು ಬರೆದುಕೊಂಡು ಹೋದರು. ಅಕ್ಕನನ್ನು ಗೇಟಿಗೆ ಹಾಕಿದರು. ಅವಳು ಎಡಗೈಯಲ್ಲಿ ಬರೆಯಲು ಕಲಿತಳು. ಯಾರಾದರೂ ಅಯ್ಯೋ ಎಂದರೆ, “ಐದು ಬೆರಳೂ ಒಂದೇ ಸಮ ಇರಲ್ಲ ಅಂತಾರೆ. ನನ್ನವು ಮೂರೂ ಸಮ ಇಲ್ಲ ನೋಡಿ” ಎಂದು ಅವರನ್ನೇ ನಗಿಸುತ್ತಾಳೆ. ಅವಳು ನಗಿಸಿದಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಈ ಕಾಲೇಜಿಗೆ ಬಂದ ಮೇಲೂ ಅಷ್ಟೇ. ಮೂರನೇ ತಿಂಗಳು ಮೇಷ್ಟ್ರು ಕೇಳಿದರು, “ನಿಂತ ಯಂತ್ರ ತಾನಾಗೇ ಶುರುವಾಗುತ್ತಾ?” ಇಡೀ ತರಗತಿ “ಇಲ್ಲ ಸಾರ್” ಎಂದಿತು. ಪಾಠ ಎಲ್ಲರಿಗೂ ಒಂದೇ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನೊಬ್ಬಳೇ. ಈಗ ಹೇಳಿ, ನನ್ನ ಒಂದು ಬೀಗಕ್ಕಾಗಿ ಇಷ್ಟು ಜನ ಮೂರೂವರೆ ಗಂಟೆ ಕಾದು ಕುಳಿತದ್ದನ್ನು ಕಂಡರೆ, ಸ್ವಂತ ಅಕ್ಕನಿಗಾಗಿ ಮೂರು ಕ್ಷಣ ಕಾಯದವಳು ಅಳದೆ ಇನ್ನೇನು ಮಾಡಬೇಕು?

ವ್ಯವಸ್ಥಾಪಕರೇ, ಇದು ನಿಮಗೂ ಇವತ್ತೇ ಗೊತ್ತಾದದ್ದು. ನಾಳೆ ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದು ಬಿಡುವುದು ನಿಮಗೆ ಸೇರಿದ್ದು. ಒಂದು ಮಾತು ಮಾತ್ರ ಹೇಳುತ್ತೇನೆ. ತಂತ್ರಜ್ಞೆಯಾದ ಮೊದಲ ದಿನವೇ ನಾನು ಹದಿನಾಲ್ಕು ಯಂತ್ರಗಳ ಟೇಪು ಕಿತ್ತೆ. ಆ ವಾರ ಉತ್ಪಾದನೆ ಬಿದ್ದು ನೀವು ನನ್ನನ್ನು ಕೋಣೆಗೆ ಕರೆಸಿ ಬೈದಿರಿ. ಮರುವಾರ ಯಂತ್ರ ಯಾಕೆ ಸಿಕ್ಕಿಕೊಳ್ಳುತ್ತಿತ್ತು ಎಂದು ಹುಡುಕಿದೆ. ಸೆನ್ಸರು ಒಂದು ಬೆರಳಿನಷ್ಟು ಓರೆಯಾಗಿತ್ತು, ಅಷ್ಟೇ! ತಿರುಗಿಸಿದೆ. ಆಮೇಲೆ ನೀವು ಕರೆಸಲಿಲ್ಲ. ಮಕ್ಕಳೇ, ಈ ವಿದ್ಯೆ ಏನು ಕೊಡುತ್ತದೆ ಎಂದು ಕೇಳುತ್ತೀರಲ್ಲ, ಇದನ್ನು ಕೊಡುತ್ತದೆ. ಒಂದು ಸ್ಕ್ರೂ ತಿರುಗಿಸಿದರೆ ನಿಲ್ಲುವ ಅನಾಹುತ ಯಾವುದು ಎಂದು ಕಣ್ಣಿಗೆ ಕಾಣುತ್ತದೆ. ಅದು ಕಂಡ ದಿನ ಎದೆಯೊಳಗೆ ಆಗುವ ಸಂತೋಷ ಎಂಥದ್ದು ಎಂದರೆ, ಹಾಳೆ ಮಡಚಿಟ್ಟಿದ್ದೇನೆ ನೋಡಿ, ಅದನ್ನು ಬರೆಯಲು ನನಗೆ ಬರಲಿಲ್ಲ.

ಅಕ್ಕಾ, ಈಗ ನಿನ್ನ ಕಡೆ ನೋಡುತ್ತೇನೆ. ಇಷ್ಟು ಹೊತ್ತು ಧೈರ್ಯವಾಗಿರಲಿಲ್ಲ.

ನೀನು ಯಾಕೆ ಹಾಗೆ ಕುಳಿತಿದ್ದೀಯೆ? ಪಕ್ಕದವರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದಾರೆ, ನಿನ್ನ ಮುಖದಲ್ಲಿ ಆಶ್ಚರ್ಯವೇ ಇಲ್ಲವಲ್ಲ?

ತಡೆಯಿರಿ, ಸಭಿಕರೇ. ಒಂದು ಮಾತು ನೆನಪಾಗುತ್ತಿದೆ. ಈ ಕೋರ್ಸಿನ ಅರ್ಜಿ ತಂದವಳು ಅಕ್ಕನೇ. ಗೇಟಿನ ಹಲಗೆಯ ಮೇಲೆ ಅಂಟಿಸಿದ್ದ ಪ್ರಕಟಣೆ ನೋಡಿ, ಎಡಗೈಯಲ್ಲಿ ತಾನೇ ನನ್ನ ಹೆಸರು ಬರೆದು ತಂದಿದ್ದಳು. “ಈ ವಯಸ್ಸಲ್ಲಿ ನಂಗ್ಯಾಕೆ ಇದೆಲ್ಲ?” ಎಂದೆ. “ಓದೇ ಹುಚ್ಚಿ. ಯಂತ್ರ ತಾನಾಗೇ ಶುರುವಾಗಲ್ಲ ಅನ್ನೋದು ನಮ್ಮನೇಲಿ ಒಬ್ಬರಾದ್ರೂ ಬಾಯಿಬಿಟ್ಟು ಹೇಳ್ಬೇಕು” ಎಂದಳು. ಓದಿನ ಮೇಲಿನ ಆಸೆಗೆ ಹೇಳಿದ್ದಾಳೆ ಎಂದುಕೊಂಡು ಆರು ವರ್ಷ ಕಳೆದೆ!

ಅಕ್ಕಾ, ನಿನಗೆ ಗೊತ್ತಿತ್ತಾ?

ತಲೆ ಆಡಿಸುತ್ತಿದ್ದಾಳೆ. ಗೊತ್ತಿತ್ತಂತೆ.

ಹನ್ನೊಂದು ವರ್ಷ! ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಪಕ್ಕದಲ್ಲಿ ಕುಳಿತು ಬಂದವಳು ಒಂದು ಸಲವೂ ಕೇಳಲಿಲ್ಲವಲ್ಲ! ಬೀಗ ನನ್ನದು, ಕೀಲಿ ನನ್ನ ಹತ್ತಿರವೇ ಇದೆ ಎಂದು ಗೊತ್ತಿದ್ದೂ ನೀನು ಅದನ್ನು ಒಡೆಯಲಿಲ್ಲ. ನಾನೇ ಬಂದು ತೆಗೆಯಲಿ ಎಂದು ಕಾದೆ. ಅವತ್ತು ಫೋನಿನಲ್ಲಿ ಮೇಷ್ಟ್ರಿಗೂ ನೀನು ಹೇಳಿದ್ದು ಇದನ್ನೇ ಅಲ್ಲವೇ?

ನೋಡಿ, ಈಗಲೂ ‘ಬೇಗ ಮುಗಿಸು’ ಎಂದೇ ಸನ್ನೆ ಮಾಡುತ್ತಿದ್ದಾಳೆ. ಕಣ್ಣೊರೆಸಿಕೊಂಡು ಮಾಡುತ್ತಿದ್ದಾಳೆ.

ಮುಗಿಸುತ್ತೇನೆ. ಆದರೆ ಈ ಬೀಗಗಳನ್ನು ನಾನು ಕೊಡುವುದಿಲ್ಲ. ಅಕ್ಕಾ, ಎದ್ದು ಮೇಲೆ ಬಾ. ಮೇಷ್ಟ್ರೇ, ಅವಳಿಗೆ ಮೆಟ್ಟಿಲ ಹತ್ತಿರ ದಾರಿ ಬಿಡಿಸಿ. ಹೊಸ ಮಕ್ಕಳೇ, ಒಬ್ಬೊಬ್ಬರಾಗಿ ಬನ್ನಿ. ಇವಳು ಬಲಗೈಯಲ್ಲೇ ಕೊಡುತ್ತಾಳೆ. ಬೀಗ ತೆಗೆದುಕೊಳ್ಳುವಾಗ ಆ ಕೈಯನ್ನು ಸರಿಯಾಗಿ ನೋಡಿ. ಸಂಕೋಚ ಬೇಡ. ಗುಂಡಿ ಒತ್ತುವ ಮೊದಲು ಎರಡು ಹೆಜ್ಜೆ ನಡೆದು ಇಣುಕಿ ನೋಡುವುದನ್ನು ಆಮೇಲೆ ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ಗಂಟೆ ಒತ್ತದೆ ಕುಳಿತ ಪ್ರಾಂಶುಪಾಲರಿಗೆ, ಬೀಗ ಒಡೆಯದ ನನ್ನ ಮೇಷ್ಟ್ರಿಗೆ, ಎದ್ದು ಹೋಗದೆ ಕೇಳಿದ ವ್ಯವಸ್ಥಾಪಕರಿಗೆ, ನಿಮಗೆಲ್ಲರಿಗೂ ನಾನು ಋಣಿ. ಅಕ್ಕನಿಗೆ ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಹೇಳುತ್ತೇನೆ. ಮನೆ ತಲುಪಲು ಮುಕ್ಕಾಲು ಗಂಟೆ ಇದೆ.

ಅಕ್ಕ ಮೆಟ್ಟಿಲು ಹತ್ತಿದಳು. ನಾನು ಮೈಕು ಬಿಡುತ್ತೇನೆ. ಎಲ್ಲರಿಗೂ ನಮಸ್ಕಾರ.