ಇವತ್ತು ಒಂದೇ ಮಾರು

ಬನ್ರಪ್ಪಾ, ಬನ್ರವ್ವಾ, ಹತ್ರ ಬನ್ನಿ! ಎಲೆಅಡಿಕೆ ಬಾಯಿಗೆ ಹಾಕ್ಕೊಳ್ಳಿ, ಕಿವಿ ನನ್ ಕಡೆ ಇಡಿ.

ಯಾವುದೋ ಕಾಲ, ಯಾವುದೋ ಸೀಮೆ. ಅಲ್ಲಿ ಕೆಂಚನಾಯಕ ಅಂತ ಒಬ್ಬ ಪಾಳೇಗಾರ. ಅವನ ಹೊಟ್ಟೆ ಹೆಂಗಿತ್ತು ಗೊತ್ತಾ? ಬಾಗಿಲಿಗೆ ಮೊದಲು ಹೊಟ್ಟೆ ಬರೋದು, ಆಮೇಲೆ ನಾಯಕ ಬರೋನು! ಕೆರೆಗೆ ಹೋಗೋಕೆ ಪಲ್ಲಕ್ಕಿ, ಸಂತೆಗೆ ಹೋಗೋಕೆ ಪಲ್ಲಕ್ಕಿ, ಪಕ್ಕದ ಮನೆಗೂ ಪಲ್ಲಕ್ಕಿ.

ಆ ಸೀಮೇಲಿ ಒಂದು ಕಟ್ಟಳೆ. ನಾಯಕನಾದೋನು ಪಟ್ಟಕ್ಕೆ ಬಂದ ಮೂರನೇ ವರ್ಷ ನೀರಿನ ಕೊಡ ಹೊತ್ತು ಮುನ್ನೂರು ಮೆಟ್ಟಿಲು ಹತ್ತಬೇಕು, ಬೆಟ್ಟದವ್ವನಿಗೆ ನೀರು ಹುಯ್ಯಬೇಕು. ಕೈಲಾಗದಿದ್ರೆ? ಯಾರು ಹತ್ತುತ್ತಾರೋ ಪೇಟ ಅವರಿಗೆ! ಕಡ್ಡಿಯಂಗಿದ್ದ ಬಾಮೈದ ಬೊಮ್ಮರಸ ಆಗಲೇ ತಲೆ ಸವರಿಕೊಳ್ತಿದ್ದ.

ಇನ್ನು ಒಂದೇ ವರ್ಷ. ನಾಯಕ ಒಂದೇ ದಿನದಲ್ಲಿ ಹತ್ತಿಬಿಡ್ತೀನಿ ಅಂತ ಹೊರಟ. ಆತುರಗಾರನಿಗೆ ಬುದ್ಧಿ ಮಟ್ಟ! ಮೂರು ಮೆಟ್ಟಿಲು ಹತ್ತಿದ, ಮೂರು ದಿನ ಮಲಗಿದ. “ಅಪ್ಪ ಕಟ್ಟಿದ ಪೇಟ ಹೋಯ್ತಲ್ಲೋ” ಅಂತ ಮಗು ಥರ ಅತ್ತ.

ಪಲ್ಲಕ್ಕಿ ಹೊರೋ ಮುದುಕ ಹೊನ್ನಯ್ಯ ಹತ್ರ ಬಂದ. “ಬುದ್ಧೀ, ನಾಳೆ ಮನೆ ಇನ್ನೊಂದು ಮಾರು ಇದೆ ಅನ್ನೋವಾಗ ಪಲ್ಲಕ್ಕಿ ಇಳಿದು ನಡೀರಿ.”

“ಅಷ್ಟೇನಾ?”

“ಅಷ್ಟೇ. ನಾಳಿದ್ದು ಎರಡು ಮಾರು. ಹನಿ ಹನಿ ಕೂಡಿದ್ರೆ ಹಳ್ಳ, ಬುದ್ಧೀ.”

ಮೊದಲ ದಿನ ಒಂದು ಮಾರು. ಊರು ನಕ್ಕಿತು. ಎರಡನೇ ದಿನ ಎರಡು ಮಾರು. ಕೋಳಿಗಳೂ ನಕ್ಕವು. ಮೂರನೇ ದಿನ ಮೂರು ಮಾರು. ಬೊಮ್ಮರಸ ಓಡಿಬಂದ. “ಭಾವಾ, ಖಾಲಿ ಪಲ್ಲಕ್ಕಿ ಅಪಶಕುನ!” ಅಂದವನೇ ಒಳಗೆ ಹಾರಿ ಕೂತ.

ಕೇಳ್ರಪ್ಪಾ! ಭಾವ ನಡೆದಷ್ಟೂ ಬಾಮೈದ ಕೂತ. ಪಲ್ಲಕ್ಕಿ ಒಳಗಿದ್ದಾಗ ನಾಯಕ ಪರದೆ ಬಿಟ್ರೆ ಇನ್ನೇನು ನೋಡಿದ್ದ? ಈಗ ಹೊನ್ನಯ್ಯನ ಹೆಗಲಿನ ಜಡ್ಡು ಕಂಡ, ಮುರಿದ ಬಾವಿಕಟ್ಟೆ ಕಂಡ. ಕುಂಬಾರರ ಗೌರವ್ವ ದಾರಿ ತಡೆದು, “ನಾಯಕ್ರೇ, ಆ ಕಟ್ಟೆ ಕಟ್ಟಿಸ್ತೀರೋ, ನಾನೇ ಕಟ್ಟಿಕೊಳ್ಳಲೋ?” ಅಂತ ದಬಾಯಿಸಿದಳು. ವಾರದಲ್ಲಿ ಕಟ್ಟೆ ಎದ್ದಿತು. ಜನ ನಗೋದು ಬಿಟ್ಟು ಜೊತೆಗೆ ನಡೆದರು.

ಬಂತು ಬೆಟ್ಟದ ದಿನ! ನಾಯಕನ ಹೆಗಲ ಮೇಲೆ ಕೊಡ. ನೂರು ಮೆಟ್ಟಿಲು, ಉಸ್ಸಪ್ಪಾ! ಇನ್ನೂರು, ಉಸ್ಸುಸ್ಸಪ್ಪಾ! ಮುನ್ನೂರು, ಬೆಟ್ಟದವ್ವನ ತಲೆ ಮೇಲೆ ಗಳಗಳ ನೀರು! ನಾಯಕ ಮೇಲೆ ಕುಣಿದ, ಗೌರವ್ವನೂ ಕುಣಿದಳು.

ಬೊಮ್ಮರಸ ಎಲ್ಲಿ? ಭಾವ ಬಿದ್ದರೆ ಪೇಟ ಎತ್ಕೊಳ್ಳೋಣ ಅಂತ ಹಿಂದೆ ಹತ್ತಿದ್ದ. ಈಗ ಹೊಟ್ಟೆ ಅವನದು! ಮೂರನೇ ಮೆಟ್ಟಿಲಲ್ಲಿ ಕೂತು, “ಪಲ್ಲಕ್ಕಿ ತನ್ರೋ!” ಅಂತ ಅರಚ್ತಿದ್ದ.

ಹೊನ್ನಯ್ಯ ಬಗ್ಗಿ ಹೇಳಿದ: “ಬೇಜಾರು ಮಾಡ್ಕೋಬೇಡಿ, ಬುದ್ಧೀ. ಇವತ್ತು ಒಂದೇ ಮಾರು!”

ಪಲ್ಲಕ್ಕಿ ಅಟ್ಟ ಸೇರ್ತು, ಕತೆ ಬೆಟ್ಟ ಸೇರ್ತು. ನೀವಿನ್ನು ಮನೆ ಸೇರಿ, ನಡ್ಕೊಂಡೇ ಸೇರಿ!